ಎಡಕ್ಕೆ ಎಳೆಯುವ ಕಾರು, ದಿಂಬಂ ಇಳಿಜಾರು

ತಾಳವಾಡಿಯವರು ತಮ್ಮ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ಮೊದಲು ಕಾಡು ಹಾಯಬೇಕು, ಆಮೇಲೆ ಬೆಟ್ಟ ಇಳಿಯಬೇಕು. ಇಲ್ಲಿನ ಮನೆಮಾತು ಕನ್ನಡ. ಹೆಣ್ಣು ಕೊಡುವುದು, ತರುವುದು ಬಹುಮಟ್ಟಿಗೆ ಚಾಮರಾಜನಗರದ ಕಡೆಗೆ. ಆದರೆ ಕಚೇರಿಯ ಕಾಗದ ತಮಿಳಿನಲ್ಲಿ ಬರುತ್ತದೆ, ಕಲೆಕ್ಟರರ ಕಚೇರಿ ನೂರು ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿದೆ. ಸತ್ಯಮಂಗಲದವರೆಗಿನ ಸುಮಾರು 60 ಕಿಲೋಮೀಟರಿನಲ್ಲಿ ಬಯಲು, ಕಾಡು, ಘಾಟಿ ಮೂರೂ ಸಿಗುತ್ತವೆ. ತಾಳವಾಡಿಯ ಸುತ್ತ ಅರಿಶಿನ, ರಾಗಿ, ಕೋಸು, ಆಲೂಗಡ್ಡೆ ಬೆಳೆಯುವ ಬಯಲು. ಹಾಸನೂರಿನ ಕಡೆಗೆ ತಿರುಗಿದರೆ 2013ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಿತವಾದ ಸತ್ಯಮಂಗಲ ಕಾಡು. ಮುಂದೆ ದಿಂಬಂ. ಅಲ್ಲಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವುಗಳು.

ಈ ದಾರಿಯಲ್ಲಿ ಗಾಡಿ ಓಡಿಸುವವರು ತಮಗೆ ಗೊತ್ತಿಲ್ಲದೆಯೇ ಒಂದು ಪಾಠ ಕಲಿತಿರುತ್ತಾರೆ. ಬಯಲಿನಲ್ಲಿ ಸಣ್ಣದಾಗಿ ಕಾಣುವ ದೋಷ ಘಾಟಿಯಲ್ಲಿ ಸಣ್ಣದಾಗಿ ಉಳಿಯುವುದಿಲ್ಲ. ಕಾರು ಒಂದು ಪಕ್ಕಕ್ಕೆ ಎಳೆಯುವುದು ಅಂಥ ದೋಷಗಳಲ್ಲಿ ಒಂದು. ನೇರ ರಸ್ತೆಯಲ್ಲಿ ಸ್ಟೀರಿಂಗನ್ನು ಸ್ವಲ್ಪ ಬಿಗಿ ಹಿಡಿದರೆ ಸಾಕು, ಮರೆತೇಹೋಗುತ್ತದೆ. ಎಷ್ಟೋ ಮಂದಿ ಹೀಗೆ ತಿಂಗಳುಗಟ್ಟಲೆ ಓಡಿಸುತ್ತಾರೆ. ತೋಳು ನೋಯುತ್ತದೆ, ಟೈರು ಸವೆಯುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ. ನಮ್ಮ ಧರ್ಮಕೇಂದ್ರದ ಕಾರಿಗೆ ಇದೇ ಕಾಯಿಲೆ ಬಂದಾಗ ಅದನ್ನು ಹುಡುಕಿ ಹಿಡಿದ ಬಗೆಯನ್ನು, ಆ ದಾರಿಯನ್ನೂ ಸೇರಿಸಿಯೇ, ಓದುಗ ಕುಟುಂಬಗಳ ಮುಂದಿಡುತ್ತಿದ್ದೇವೆ. ಈಗ ನಮ್ಮ ಅನೇಕ ಮನೆಗಳ ಮುಂದೆ ಒಂದೊಂದು ಹಳೆಯ ಕಾರು ನಿಂತಿದೆ. ಅದರಲ್ಲಿ ಮಕ್ಕಳು, ಮುದುಕರು, ಬಸುರಿ ಹೆಣ್ಣುಮಕ್ಕಳು ಬೆಟ್ಟ ಇಳಿಯುತ್ತಾರೆ. ಹಾಗಾಗಿ ಇದು ಮೆಕ್ಯಾನಿಕ್ಕಿಗೆ ಮಾತ್ರ ಸೇರಿದ ವಿಷಯವಲ್ಲ.

ಬಯಲಿನಲ್ಲಿ ಮೂರು ಪ್ರಶ್ನೆ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಒಳಗಿನ ಹಳ್ಳಿಯೊಂದರಿಂದ ಉಪದೇಶಿಯವರ ಜೊತೆ ತಾಳವಾಡಿಗೆ ಮರಳುತ್ತಿದ್ದೆವು. ಮರುದಿನ ಬೆಳಿಗ್ಗೆ ನಮ್ಮ ಒಬ್ಬ ಅಜ್ಜಿಯನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕೊಯಮತ್ತೂರಿಗೆ ಕರೆದೊಯ್ಯಬೇಕಿತ್ತು. ಆಸ್ಪತ್ರೆಯವರು ದಿನ, ಗಂಟೆ ಗೊತ್ತುಮಾಡಿದ್ದರು. ಆ ದಿನ ತಪ್ಪಿದರೆ ಮತ್ತೆ ಎಷ್ಟು ವಾರ ಕಾಯಬೇಕೋ ಎಂಬ ಚಿಂತೆ ಮನೆಯವರಿಗೆ. ಹೊಲಗಳ ನಡುವಿನ ನೇರ ರಸ್ತೆಗೆ ಬಂದಾಗ ಕಾರು ಮೆಲ್ಲಗೆ ಎಡಕ್ಕೆ ಸರಿಯುತ್ತಿರುವುದು ಕೈಗೆ ತಿಳಿಯಿತು. ಹೋಗುವಾಗ ಹೀಗಿರಲಿಲ್ಲ.

"ಸ್ವಾಮಿ, ಗಾಡಿ ಓರೆಗೆ ಹೋಯ್ತಾದಲ್ಲ?" ಎಂದರು ಉಪದೇಶಿಯವರು.

ಕಾರು ಎಳೆಯುತ್ತಿದೆ ಎಂದು ಅನ್ನಿಸಿದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಯಾವ ಪಕ್ಕಕ್ಕೆ ಎಳೆಯುತ್ತದೆ? ಯಾವಾಗ ಎಳೆಯುತ್ತದೆ: ಸುಮ್ಮನೆ ಓಡುವಾಗಲೋ, ಬ್ರೇಕ್ ಒತ್ತಿದಾಗಲೋ, ಆಕ್ಸಿಲರೇಟರ್ ತುಳಿದಾಗಲೋ? ಯಾವತ್ತಿನಿಂದ: ನಿಧಾನವಾಗಿ ಬಂದದ್ದೋ, ಗುಂಡಿಗೆ ಬಿದ್ದ ಮೇಲೋ, ಟೈರು ಬದಲಿಸಿದ ಮೇಲೋ? ವೈದ್ಯರ ಮುಂದೆ ಕುಳಿತಾಗ "ಎಲ್ಲಿ ನೋವು, ಯಾವಾಗಿನಿಂದ" ಎಂದು ಅವರು ಕೇಳುವ ಹಾಗೆಯೇ ಇದು. ಇವಿಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮೊದಲು ರಸ್ತೆಯ ಮೇಲಿನ ಅನುಮಾನವನ್ನು ಕಳೆದುಕೊಳ್ಳಬೇಕು. ಮಳೆನೀರು ನಿಲ್ಲದಿರಲೆಂದು ರಸ್ತೆಯ ನಡುವನ್ನು ಸ್ವಲ್ಪ ಉಬ್ಬಾಗಿ, ಅಂಚುಗಳನ್ನು ಇಳಿಜಾರಾಗಿ ಕಟ್ಟಿರುತ್ತಾರೆ. ನಮ್ಮ ದೇಶದಲ್ಲಿ ಎಡಗಡೆ ಓಡಿಸುವುದರಿಂದ ಆ ಇಳಿಜಾರಿಗೆ ಎಲ್ಲ ಗಾಡಿಗಳೂ ತುಸು ಎಡಕ್ಕೆ ಜಾರುವುದು ಸಹಜ. ಇದು ರೋಗವಲ್ಲ. ತಿಳಿಯುವ ಬಗೆ ಸುಲಭ. ಹಿಂದೆ ಮುಂದೆ ಯಾರೂ ಇಲ್ಲದ, ದೂರದವರೆಗೆ ಕಾಣುವ ರಸ್ತೆಯಲ್ಲಿ, ಗಂಟೆಗೆ 40 ಕಿಲೋಮೀಟರಿನೊಳಗಿನ ವೇಗದಲ್ಲಿ, ಸ್ಟೀರಿಂಗಿನ ಹಿಡಿತವನ್ನು ಸಡಿಲಿಸಿ ನೋಡಬೇಕು. ಕೈಯನ್ನು ಪೂರ್ತಿ ಬಿಡಬಾರದು. ಆಮೇಲೆ ರಸ್ತೆಯ ನಡುವಿನ ಮಟ್ಟವಾದ ಭಾಗದಲ್ಲಿ ಅದೇ ರೀತಿ ನೋಡಬೇಕು. ಅಂಚಿನಲ್ಲಿ ಎಳೆದದ್ದು ನಡುವಿನಲ್ಲಿ ನಿಂತರೆ ಅದು ರಸ್ತೆಯ ಗುಣ. ನಡುವಿನಲ್ಲಿಯೂ ಎಳೆದರೆ ಕಾರಿನ ಗುಣ. ನಮ್ಮದು ನಡುವಿನಲ್ಲಿಯೂ ಎಳೆಯಿತು.

ಗಾಳಿಯಿಂದ ಆರಂಭ

ತಾಳವಾಡಿಗೆ ಬಂದವರೇ ಪಂಕ್ಚರ್ ಅಂಗಡಿಯ ಮುಂದೆ ನಿಂತೆವು. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಗಾಳಿ. ಮುಂದಿನ ಎರಡು ಟೈರುಗಳಲ್ಲಿ ಒಂದಕ್ಕೆ ಗಾಳಿ ಕಡಿಮೆಯಾದರೆ ಅದು ನೆಲಕ್ಕೆ ಹೆಚ್ಚು ಒತ್ತಿಕೊಂಡು, ಉರುಳಲು ಹೆಚ್ಚು ತಡೆ ಒಡ್ಡುತ್ತದೆ. ಕಾರು ಆ ಪಕ್ಕಕ್ಕೇ ಎಳೆಯುತ್ತದೆ. ಎಷ್ಟು ಗಾಳಿ ಬೇಕೆಂಬುದನ್ನು ಅನೇಕ ಕಾರುಗಳಲ್ಲಿ ಚಾಲಕನ ಬಾಗಿಲಿನ ಕಂಬದ ಮೇಲೆ ಚೀಟಿಯಲ್ಲಿ ಅಂಟಿಸಿರುತ್ತಾರೆ. ಟೈರು ತಣ್ಣಗಿರುವಾಗ ನೋಡಿದರೆ ಲೆಕ್ಕ ಸರಿ. ಓಡಿ ಬಂದ ಟೈರಿನಲ್ಲಿ ಗಾಳಿ ಬಿಸಿಯಾಗಿ ಒತ್ತಡ ಏರಿರುತ್ತದೆ. ಆದುದರಿಂದ ಅಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲಿಸಿ ಚಹಾ ಕುಡಿದು ಬಂದೆವು. ಬಲಗಡೆ 32, ಎಡಗಡೆ 28 ಪಿಎಸ್‌ಐ ಇತ್ತು. ಎರಡನ್ನೂ ಸಮ ಮಾಡಿಸಿ ಓಡಿಸಿದಾಗ ಎಳೆತ ತುಸು ತಗ್ಗಿತು, ನಿಲ್ಲಲಿಲ್ಲ.

ಎರಡನೆಯ ಅನುಮಾನ ಟೈರಿನ ಮೇಲೆ. ಹೊರಗೆ ಚೆನ್ನಾಗಿ ಕಾಣುವ ಟೈರಿನೊಳಗೆ ತಂತಿಯ ಪದರ ಬಿಟ್ಟುಕೊಂಡಿದ್ದರೆ, ಅಥವಾ ಒಂದು ಅಂಚು ಹೆಚ್ಚು ಸವೆದಿದ್ದರೆ, ಅದೊಂದೇ ಸಾಕು ಕಾರನ್ನು ಎಳೆಯಲು. ಇದಕ್ಕೆ ಯಂತ್ರ ಬೇಡ, ಒಂದು ಜಾಕಿ ಸಾಕು. ಮುಂದಿನ ಎಡ ಮತ್ತು ಬಲದ ಚಕ್ರಗಳನ್ನು ಅದಲುಬದಲು ಮಾಡಿ ಓಡಿಸಿ ನೋಡುವುದು. ಎಳೆತ ಪಕ್ಕ ಬದಲಿಸಿದರೆ ಕಳ್ಳ ಟೈರೇ. ಬದಲಿಸದಿದ್ದರೆ ಟೈರು ನಿರಪರಾಧಿ. ಒಂದೇ ದಿಕ್ಕಿಗೆ ತಿರುಗಬೇಕೆಂದು ಬದಿಯಲ್ಲಿ ಬಾಣದ ಗುರುತಿರುವ ಟೈರುಗಳನ್ನು ಮಾತ್ರ ಹೀಗೆ ಬದಲಿಸಬಾರದು. ಅಂಗಡಿಯ ಹುಡುಗ ಹತ್ತೇ ನಿಮಿಷದಲ್ಲಿ ಬದಲಿಸಿಕೊಟ್ಟ. ನಮ್ಮ ಕಾರು ಮೊದಲಿನಂತೆಯೇ ಎಡಕ್ಕೆ ಎಳೆಯಿತು.

ಆಗ ಒಂದು ವಿಚಿತ್ರ ಕಂಡಿತು. ಊರಿನ ಹೊರಗೆ ದನಗಳು ಅಡ್ಡ ಬಂದವು. ಬ್ರೇಕ್ ಒತ್ತಿದೊಡನೆ, ಅಷ್ಟು ಹೊತ್ತು ಎಡಕ್ಕೆ ಎಳೆಯುತ್ತಿದ್ದ ಕಾರು ಬಲಕ್ಕೆ ತಿರುಗಿತು. ಮತ್ತೆ ನೋಡಿದೆವು. ಓಡುವಾಗ ಎಡ, ಬ್ರೇಕಿಗೆ ಬಲ. ಉಪದೇಶಿಯವರು ನಕ್ಕು, "ಇದ್ಯಾಕೋ ಎರಡು ಮನಸ್ಸಿನ ಗಾಡಿ ಸ್ವಾಮಿ" ಎಂದರು. ಕೆಳಗಿಳಿದಾಗ ಎಡಗಡೆಯ ಮುಂದಿನ ಚಕ್ರದ ಬಳಿ ಸುಟ್ಟ ವಾಸನೆ. ಚಕ್ರದ ಹತ್ತಿರ ಕೈಯೊಡ್ಡಿದರೆ ಒಲೆಯ ಝಳ. ಬಲದ ಚಕ್ರ ಸುಮ್ಮನೆ ಬೆಚ್ಚಗಿತ್ತು. ಇಂಥ ಹೊತ್ತಿನಲ್ಲಿ ಡಿಸ್ಕನ್ನಾಗಲಿ ಡ್ರಮ್ಮನ್ನಾಗಲಿ ಮುಟ್ಟಬಾರದು, ಚರ್ಮ ಸುಡುತ್ತದೆ. ತಣ್ಣೀರನ್ನೂ ಸುರಿಯಬಾರದು. ಕಾದ ಡಿಸ್ಕು ಸೊಟ್ಟಗಾಗಬಹುದು, ಬಿರುಕು ಬಿಡಬಹುದು.

ಶೆಡ್ಡಿನಲ್ಲಿ ಕಂಡದ್ದು

ಮೆಕ್ಯಾನಿಕ್ ತಮ್ಮ ಕಾರಿನ ಮುಂಭಾಗವನ್ನು ಎತ್ತಿ ನಿಲ್ಲಿಸಿದ. ಬಲ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸುತ್ತು ಹೊಡೆಯಿತು. ಎಡ ಚಕ್ರ ಕಾಲು ಸುತ್ತಿಗೇ ನಿಂತಿತು. "ಎಡದ ಬ್ರೇಕು ಬಿಡ್ತಾನೇ ಇಲ್ಲ ಸ್ವಾಮಿ" ಎಂದ.

ಬ್ರೇಕು ಬಿಡದಿರಲು ಎರಡು ಕಾರಣಗಳಿರಬಹುದು. ರಬ್ಬರಿನ ಬ್ರೇಕ್ ಹೋಸ್ ಒಳಗೊಳಗೇ ಊದಿಕೊಂಡು, ಹೋದ ಆಯಿಲನ್ನು ಹಿಂದಕ್ಕೆ ಬಿಡದೆ ಹಿಡಿದಿರಬಹುದು. ಇಲ್ಲವೇ ಕ್ಯಾಲಿಪರೇ ಜಾಮ್ ಆಗಿರಬಹುದು. ಯಾವುದೆಂದು ತಿಳಿಯಲು ಅವನು ಕ್ಯಾಲಿಪರಿನ ಮೇಲಿದ್ದ, ಗಾಳಿ ತೆಗೆಯುವ ಸಣ್ಣ ನಿಪ್ಪಲ್ಲನ್ನು ಸಡಿಲಿಸಿದ. ಆಯಿಲಿನ ಒತ್ತಡ ಹೊರಹೋದ ಮೇಲೆ ಚಕ್ರ ಸಲೀಸಾಗಿ ತಿರುಗಿದ್ದರೆ ತಪ್ಪು ಹೋಸಿನದು. ತಿರುಗಲಿಲ್ಲ. ಹಾಗಾದರೆ ಕ್ಯಾಲಿಪರಿನದೇ.

ಬಿಚ್ಚಿದಾಗ ವಿಷಯ ಕಣ್ಣಿಗೇ ಕಂಡಿತು. ಇಂಥ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಪಕ್ಕದಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಿಗೆ ಇಡೀ ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದುಕೊಂಡು ಬರುತ್ತದೆ. ಆಗ ಡಿಸ್ಕನ್ನು ಎರಡೂ ಕಡೆಯಿಂದ ಇಕ್ಕುಳದಂತೆ ಹಿಡಿದ ಹಾಗಾಗುತ್ತದೆ. ನಮ್ಮ ಕಾರಿನ ಎಡಗಡೆಯ ಪಿನ್ನುಗಳ ರಬ್ಬರ್ ಮುಚ್ಚಳ ಹರಿದು, ಹೊಲದ ದಾರಿಯ ಕೆಸರು ನೀರು ಒಳಹೊಕ್ಕು, ಪಿನ್ನು ತುಕ್ಕು ಹಿಡಿದಿತ್ತು. ಒಳಗಿನ ಪ್ಯಾಡು ಸವೆದು ತೆಳ್ಳಗಾಗಿತ್ತು, ಹೊರಗಿನದು ದಪ್ಪಗೇ ಇತ್ತು.

ಎರಡು ಮನಸ್ಸಿನ ಗುಟ್ಟು ಇದೇ. ಕಾಲು ತೆಗೆದರೂ ಕ್ಯಾಲಿಪರು ಹಿಂದೆ ಜಾರದೆ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಅದರಿಂದ ಓಡುವಾಗ ಎಡಕ್ಕೆ ಎಳೆತ, ಆ ಚಕ್ರಕ್ಕೆ ಕಾವು. ಕಾಲು ಒತ್ತಿದಾಗ ಅದೇ ಕ್ಯಾಲಿಪರು ಮುಂದೆಯೂ ಜಾರದೆ ಅರ್ಧ ಹಿಡಿತ ಮಾತ್ರ ಕೊಡುತ್ತದೆ. ಬಲದ್ದು ಪೂರ್ತಿ ಹಿಡಿಯುತ್ತದೆ. ಗಟ್ಟಿಯಾಗಿ ಹಿಡಿದ ಪಕ್ಕಕ್ಕೆ ಕಾರು ತಿರುಗುತ್ತದೆ. ಎಂದರೆ, ಬ್ರೇಕ್ ಒತ್ತಿದಾಗ ಬಲಕ್ಕೆ ಎಳೆದರೆ ದೋಷ ಬಲದ್ದೇ ಇರಬೇಕೆಂದಿಲ್ಲ. ಅನೇಕ ವೇಳೆ ಅದು ಎಡಗಡೆಯ ಬ್ರೇಕಿನ ದೌರ್ಬಲ್ಯ.

ದಿಂಬಂ ಇಳಿಯುವಾಗ ಇದು ಏನು ಮಾಡಬಹುದಿತ್ತು ಎಂದು ಮೆಕ್ಯಾನಿಕ್ ವಿವರಿಸಬೇಕಾಗಿರಲಿಲ್ಲ. ಘಾಟಿಯಲ್ಲಿ ಬ್ರೇಕಿಗೆ ಬಿಡುವು ಕಡಿಮೆ. ಮೊದಲೇ ಕಾದಿರುವ ಚಕ್ರ ಇನ್ನೂ ಕಾಯುತ್ತದೆ. ಹಳೆಯ ಬ್ರೇಕ್ ಆಯಿಲಿನಲ್ಲಿ ಗಾಳಿಯ ತೇವಾಂಶ ಸೇರಿರುವುದರಿಂದ ಅದು ಬೇಗ ಕುದಿಯುತ್ತದೆ. ಕುದಿದರೆ ಪೆಡಲು ಮೆತ್ತಗಾಗಿ ಕಾಲಡಿಗೆ ಇಳಿದುಹೋಗುತ್ತದೆ. ಅದೂ ಅಲ್ಲದೆ, ಎದುರಿನಿಂದ ಲಾರಿ ಏರಿ ಬರುತ್ತಿರುವ ಇಕ್ಕಟ್ಟಾದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಾರು ಬಲಕ್ಕೆ, ಆ ಲಾರಿಯ ಕಡೆಗೇ ತಿರುಗುತ್ತದೆ.

ಹೊಸ ಪ್ಯಾಡು, ರಬ್ಬರ್ ಮುಚ್ಚಳ ಚಾಮರಾಜನಗರದಿಂದ ಬರಬೇಕಿತ್ತು. ಮರುದಿನ ಮಧ್ಯಾಹ್ನಕ್ಕೆ ಮುನ್ನ ಕಾರು ಸಿಗುವಂತಿರಲಿಲ್ಲ. ಸದ್ಯಕ್ಕೆ ಪಿನ್ನು ಉಜ್ಜಿ ಗ್ರೀಸು ಹಾಕಿಕೊಟ್ಟರೆ ಬೆಳಿಗ್ಗೆ ಹೇಗೋ ಹೋಗಿಬರಬಹುದಲ್ಲ ಎಂದು ಅಜ್ಜಿಯ ಮಗ ಕೇಳಿದ. ಅವನ ಕಾತರ ನಮಗೆ ಅರ್ಥವಾಗುತ್ತಿತ್ತು. ಆದರೂ ಸಂಜೆ ಅವರ ಮನೆಗೆ ಹೋಗಿ, ಕಾರಿನಲ್ಲಿ ಬೆಟ್ಟ ಇಳಿಯುವುದಿಲ್ಲ, ಬೆಳಗಿನ ಸರ್ಕಾರಿ ಬಸ್ಸಿಗೆ ಹೊರಡೋಣ ಎಂದು ತಿಳಿಸಿದೆವು. ಅಜ್ಜಿಗೆ ಬೇಸರವಾದೀತೆಂಬ ಅಂಜಿಕೆ ಇತ್ತು. ಅವರು, "ಬಸ್ಸಾದ್ರೆ ಬಸ್ಸು ಸ್ವಾಮಿ. ಕಣ್ಣು ಕಾಣದೋಳ್ಗೆ ಕಾರೂ ಒಂದೇ, ಬಸ್ಸೂ ಒಂದೇ" ಎಂದುಬಿಟ್ಟರು. ಬೆಳಿಗ್ಗೆ ಮಗ, ಸೊಸೆ, ಉಪದೇಶಿಯವರು ಅವರನ್ನು ಕರೆದುಕೊಂಡು ಹೊರಟರು. ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಸೇರಿದರು.

ರಿಪೇರಿಯಲ್ಲಿ ಗಮನಿಸಬೇಕಾದ ಮಾತು ಎರಡು. ಪ್ಯಾಡು ಸವೆದದ್ದು ಒಂದೇ ಚಕ್ರದ್ದಾದರೂ ಎರಡೂ ಚಕ್ರಗಳಿಗೆ ಹೊಸದನ್ನೇ ಹಾಕಿಸಬೇಕು. ಇಲ್ಲವಾದರೆ ಹಿಡಿತ ಮತ್ತೆ ಹೆಚ್ಚುಕಡಿಮೆಯಾಗುತ್ತದೆ. ಪಿನ್ನಿಗೆ ಬ್ರೇಕಿಗೆಂದೇ ಇರುವ, ಕಾವು ತಡೆಯುವ ಗ್ರೀಸನ್ನೇ ಹಚ್ಚಿಸಬೇಕು. ಸಾಮಾನ್ಯ ಗ್ರೀಸು ರಬ್ಬರನ್ನು ಊದಿಸುತ್ತದೆ.

ಬೆಟ್ಟ ಇಳಿಯುತ್ತಾ

ಎರಡು ದಿನ ಕಳೆದು ಅಜ್ಜಿಯನ್ನು ಕರೆತರಲು ನಾವು ಕಾರಿನಲ್ಲೇ ಹೊರಟೆವು. ಮೊದಲು ತಾಳವಾಡಿಯ ಬಯಲಿನಲ್ಲೇ ನಾಲ್ಕಾರು ಸಲ ಬ್ರೇಕ್ ಒತ್ತಿ ನೋಡಿದೆವು. ಕಾರು ನೇರವಾಗಿ ನಿಂತಿತು. ಈ ಪರೀಕ್ಷೆಯನ್ನು ಬಯಲಿನಲ್ಲೇ ಮುಗಿಸಬೇಕು, ಏಕೆಂದರೆ ಮುಂದಿನದು ಆನೆಗಳ ಸೀಮೆ, ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಕಾರಪಳ್ಳಂ ಚೆಕ್‌ಪೋಸ್ಟಿನ ಆಸುಪಾಸಿನಲ್ಲಿ ಆನೆಗಳು ಕಬ್ಬಿನ ಲಾರಿಗಾಗಿ ಕಾದು ನಿಲ್ಲುವುದು ಈ ದಾರಿಯವರಿಗೆಲ್ಲ ಗೊತ್ತು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶ ಬಂದ ಮೇಲೆ ರಾತ್ರಿ ಸಂಚಾರಕ್ಕೆ ಕಟ್ಟುನಿಟ್ಟಿನ ನಿರ್ಬಂಧವೂ ಜಾರಿಯಾಯಿತು. ಹೊರಗಿನಿಂದ ಬರುವವರು ಸಮಯ ವಿಚಾರಿಸಿಕೊಂಡೇ ಹೊರಡಬೇಕು.

ಹಾಸನೂರು ದಾಟಿ ಕಾಡಿನ ನಡುವೆ ಹೋಗುವಾಗ ಬಿದಿರ ಮೆಳೆಗಳ ಪಕ್ಕದಲ್ಲಿ ಜಿಂಕೆಗಳ ಹಿಂಡು ಮೇಯುತ್ತಿತ್ತು. ದಿಂಬಮ್ಮಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಅಲ್ಲಿಂದ ಕೆಳಗೆ ನೋಡಿದರೆ ದಾರಿ ಮಡಿಸಿಟ್ಟ ಹಗ್ಗದಂತೆ ಕಾಣುತ್ತದೆ. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬುದು ಹಳೆಯ ಚಾಲಕರ ಮಾತು. ಎರಡನೆಯ ಗೇರಿನಲ್ಲಿ ಇಳಿದೆವು. ಇಂಜಿನ್ನೇ ಕಾರನ್ನು ತಡೆಹಿಡಿಯುತ್ತದೆ. ಬ್ರೇಕನ್ನು ಒತ್ತುತ್ತಲೇ ಇರದೆ ತಿರುವಿಗೆ ಮುನ್ನ ಒತ್ತಿ, ಬಿಟ್ಟು, ಅದಕ್ಕೆ ಆರಲು ಬಿಡುವು ಕೊಡಬೇಕು. ಏರಿ ಬರುವ ಗಾಡಿಗೆ ದಾರಿ ಬಿಡುವುದು ಇಳಿಯುವವರ ಕರ್ತವ್ಯ. ಭಾರ ಹೊತ್ತ ಲಾರಿಯೊಂದು ಇಡೀ ತಿರುವನ್ನು ತುಂಬಿಕೊಂಡು ಬಂದಾಗ ನಾವು ಮೇಲೆಯೇ ನಿಂತು ಕಾದೆವು. ಬ್ರೇಕ್ ಒತ್ತಿದ ಕಾರು ಎತ್ತಲೂ ಹೊರಳದೆ ಇದ್ದ ಜಾಗದಲ್ಲೇ ನಿಂತಿತು.

ಬಣ್ಣಾರಿಯಲ್ಲಿ, ದೇವಸ್ಥಾನದ ಹತ್ತಿರದ ಅಂಗಡಿಗಳ ಮುಂದೆ ಕಾರು ನಿಲ್ಲಿಸಿ ಒಂದೊಂದು ಚಕ್ರದ ಹತ್ತಿರವೂ ಕೈಯೊಡ್ಡಿ ನೋಡಿದೆವು. ಘಾಟಿ ಇಳಿದ ಮೇಲೆ ಎಲ್ಲ ಬ್ರೇಕುಗಳೂ ಬಿಸಿಯಾಗಿಯೇ ಇರುತ್ತವೆ. ಮುಂದಿನವು ಹಿಂದಿನವುಗಳಿಗಿಂತ ಹೆಚ್ಚು ಬಿಸಿ. ನೋಡಬೇಕಾದದ್ದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನು. ನಮ್ಮದರಲ್ಲಿ ಎರಡೂ ಸಮವಾಗಿದ್ದವು.

ಕೊನೆಯಲ್ಲಿ ಅಲೈನ್‌ಮೆಂಟ್

ಭವಾನಿ ನದಿಯ ದಂಡೆಯ ಸತ್ಯಮಂಗಲದಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು. ಕಾರು ಎಳೆದರೆ ಬಹಳ ಮಂದಿ ಮೊದಲು ಓಡುವುದು ಇಲ್ಲಿಗೇ. ಅದು ಕೊನೆಯ ಹೆಜ್ಜೆಯಾಗಿರಬೇಕು. ಗಾಳಿ, ಟೈರು, ಬ್ರೇಕು ನೋಡಿದ ಮೇಲೆ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಇವುಗಳನ್ನು ಅಲ್ಲಾಡಿಸಿ ನೋಡಬೇಕು. ಇವು ಸವೆದಿದ್ದರೆ ಗುಂಡಿಯಲ್ಲಿ ಕಟಕಟ ಸದ್ದು ಬರುತ್ತದೆ, ಕಾರು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಅಲೆಯುತ್ತದೆ. ಸವೆದ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಹಣ ದಂಡ, ಮುಂದಿನ ಗುಂಡಿಗೇ ಅದು ಮತ್ತೆ ತಪ್ಪುತ್ತದೆ.

ಯಂತ್ರ ಕೊಡುವ ಚೀಟಿಯಲ್ಲಿ ಮೂರು ಮಾತುಗಳಿರುತ್ತವೆ. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ತಲೆ ಹೆಚ್ಚು ಹೊರಕ್ಕೆ ವಾಲಿದ ಪಕ್ಕಕ್ಕೆ ಕಾರು ಎಳೆಯುತ್ತದೆ. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಅದು ಕಡಿಮೆ ಇರುವ ಪಕ್ಕಕ್ಕೆ ಎಳೆತ. ಮೇಲಿನಿಂದ ನೋಡಿದಾಗ ಚಕ್ರಗಳ ಮೂಗು ಒಳಮುಖವೋ ಹೊರಮುಖವೋ ಎಂಬುದು ಟೋ. ಮುಂದಿನ ಟೋ ತಪ್ಪಿದರೆ ಎಳೆತಕ್ಕಿಂತ ಹೆಚ್ಚಾಗಿ ಟೈರು ಸವೆಯುತ್ತದೆ. ಹಿಂದಿನ ಟೋ ತಪ್ಪಿದರೆ ಕಾರು ಏಡಿಯಂತೆ ಓರೆಯಾಗಿ ನಡೆಯುತ್ತದೆ, ನೇರ ಹೋಗುವಾಗಲೂ ಸ್ಟೀರಿಂಗ್ ಸೊಟ್ಟಗಿರುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ತಿರುಗಿಸಿ ಸರಿಮಾಡಲು ಬರುವುದು ಮುಂದಿನ ಟೋ ಒಂದೇ. ಕ್ಯಾಂಬರ್ ಬಹಳ ತಪ್ಪಿದೆ ಎಂದು ಚೀಟಿ ಹೇಳಿದರೆ ಯಾವುದೋ ಭಾಗ ಬಾಗಿದೆ ಎಂದೇ ತಿಳಿಯಬೇಕು. ನಮ್ಮ ಕಾರಿನ ಟೋ ಕೂದಲೆಳೆಯಷ್ಟು ತಪ್ಪಿತ್ತು, ಸರಿಮಾಡಿಕೊಟ್ಟರು.

ಇನ್ನೆರಡು ಸಣ್ಣ ಸಂಗತಿ. ಆಕ್ಸಿಲರೇಟರ್ ಜೋರಾಗಿ ತುಳಿದಾಗ ಮಾತ್ರ ಎಳೆದು, ಬಿಟ್ಟಾಗ ಸರಿಹೋದರೆ, ಮುಂದಿನ ಚಕ್ರಕ್ಕೆ ಬಲ ಹೋಗುವ ಕಾರುಗಳಲ್ಲಿ ಅದು ತಕ್ಕಮಟ್ಟಿಗೆ ಸಹಜ. ಅಚ್ಚುಗಳ ಉದ್ದ ಎರಡೂ ಕಡೆ ಒಂದೇ ಇರುವುದಿಲ್ಲ. ಹೊಸದಾಗಿ ಹೆಚ್ಚಾದರೆ ಬುಷ್ ನೋಡಿಸಬೇಕು. ಹಾಗೆಯೇ ರಾಗಿ ಮೂಟೆಗಳನ್ನೆಲ್ಲ ಒಂದೇ ಪಕ್ಕಕ್ಕೆ ಹೇರಿದರೆ ಯಾವ ಕಾರಾದರೂ ಆ ಕಡೆ ವಾಲುತ್ತದೆ. ಅದಕ್ಕೆ ಮೆಕ್ಯಾನಿಕ್ ಬೇಡ, ಮೂಟೆಗಳನ್ನು ಹಂಚಿಟ್ಟರೆ ಆಯಿತು.

ಹಬ್ಬಕ್ಕೋ ಮದುವೆಗೋ ಆಸ್ಪತ್ರೆಗೋ ಬೆಟ್ಟ ಇಳಿಯುವ ಕುಟುಂಬಗಳು ಹಿಂದಿನ ದಿನವೇ ಇಷ್ಟು ಮಾಡಿಕೊಂಡರೆ ಒಳ್ಳೆಯದು. ತಣ್ಣಗಿರುವಾಗ ಗಾಳಿ ನೋಡಿ. ಬಯಲು ರಸ್ತೆಯಲ್ಲಿ ಒಂದು ಸಲ ಕೈ ಸಡಿಲಿಸಿ, ಒಂದು ಸಲ ಬ್ರೇಕ್ ಒತ್ತಿ ನೋಡಿ. ನಿಲ್ಲಿಸಿದ ಮೇಲೆ ಎಡಬಲದ ಚಕ್ರಗಳ ಕಾವನ್ನು ಹೋಲಿಸಿ. ಓಡುವಾಗಿನ ಸಣ್ಣ ಎಳೆತಕ್ಕೆ ಒಂದೆರಡು ದಿನ ತಾಳಬಹುದು. ಬ್ರೇಕ್ ಒತ್ತಿದಾಗ ಎಳೆದರೆ, ಅಥವಾ ಒಂದು ಚಕ್ರ ಮಾತ್ರ ಕಾದರೆ, ಆ ಕಾರನ್ನು ಘಾಟಿಗೆ ಇಳಿಸಬೇಡಿ, ಎಷ್ಟೇ ಅವಸರವಿರಲಿ. ಬೆಳಗಿನ ಬಸ್ಸು ಹೇಗೂ ಇದ್ದೇ ಇದೆ.